ಕಾಂಗರೂ ಶೂಟರ್ ಕೆಲಸ: ಲೈಸೆನ್ಸಿನಿಂದ ಚಿಲ್ಲರ್‌ವರೆಗೆ

ಪ್ರಶ್ನೆ: ನಮ್ಮದು ಕೊಡಗು. ಈಗ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಡಬ್ಬೊದಲ್ಲಿ ಪರ್ಮನೆಂಟ್ ರೆಸಿಡೆಂಟ್ ಆಗಿ ನೆಲೆಸಿದ್ದೇನೆ, ಮಾಂಸದ ಕಾರ್ಖಾನೆಯೊಂದರಲ್ಲಿ ಕೆಲಸ. ಊರಲ್ಲಿ ಮನೆಯಲ್ಲೇ ಕೋವಿ ಇತ್ತು, ಕೈಲ್ ಮುಹೂರ್ತದ ಸಮಯದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಬಹುಮಾನವೂ ಬಂದಿದೆ. ಇಲ್ಲಿ ಕೋಬಾರ್, ಬರ್ಕ್ ಕಡೆ ರಾತ್ರಿ ಕಾಂಗರೂ ಹೊಡೆದು ಮಾರುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ನಾನೂ ಇಳಿಯಬಹುದೇ? ಏನೇನು ಬೇಕು, ಖರ್ಚು ಕಳೆದು ಎಷ್ಟು ಉಳಿಯುತ್ತದೆ? ಮರಿಗಳನ್ನೂ ಕೊಲ್ಲಬೇಕಾಗುತ್ತದೆ ಎಂದು ಕೇಳಿ ಮನಸ್ಸು ಹಿಂಜರಿಯುತ್ತಿದೆ. ಅದು ನಿಜವೇ?

ಉತ್ತರ: ಬಂದೂಕು ಲೈಸೆನ್ಸ್ ಸಿಕ್ಕರೆ ಇಳಿಯಬಹುದು. ಆದರೆ ನಿಮ್ಮ ಬಹುಮಾನಗಳಿಗಿಂತ ಮಾಂಸದ ಕಾರ್ಖಾನೆಯ ಅನುಭವವೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದು ರಾತ್ರಿಯ ದುಡಿಮೆಯಲ್ಲಿ ಟ್ರಿಗರ್ ಎಳೆಯುವುದಕ್ಕೆ ಹಿಡಿಯುವ ಹೊತ್ತು ಒಟ್ಟು ಸೇರಿಸಿದರೂ ಕೆಲವೇ ನಿಮಿಷ. ಉಳಿದದ್ದೆಲ್ಲ ವಾಹನ ಓಡಿಸುವುದು, ಹುಡುಕುವುದು, ಸರಿಕಾಣದ್ದನ್ನು ಹೊಡೆಯದೆ ಬಿಡುವುದು, ಚಾಕುವಿನ ಕೆಲಸ, ನೀರು, ತೊಳೆಯುವುದು, ಲೆಕ್ಕ ಬರೆಯುವುದು. ಇಲ್ಲಿನ ಕಾನೂನೂ ನಿಮ್ಮನ್ನು ಬೇಟೆಗಾರ ಎಂದು ನೋಡುವುದಿಲ್ಲ. ಮನುಷ್ಯರು ತಿನ್ನುವ ಮಾಂಸವನ್ನು ತಯಾರಿಸುವವನು ಎಂದೇ ನೋಡುತ್ತದೆ, ಆ ಕಣ್ಣಿನಿಂದಲೇ ತಪಾಸಣೆ ಮಾಡುತ್ತದೆ.

ಮೊದಲು ಕಾಗದಪತ್ರ, ಚುಟುಕಾಗಿ. ಕೊಡಗಿನಲ್ಲಿ ಕೋವಿಗೆ ಇರುವ ವಿನಾಯಿತಿ, ಅಲ್ಲಿನ ಅನುಭವ ಇವಕ್ಕೆ ಇಲ್ಲಿ ಬೆಲೆಯಿಲ್ಲ, ಸೊನ್ನೆಯಿಂದ ಆರಂಭ. ಪೊಲೀಸ್ ಇಲಾಖೆಯ ಬಂದೂಕು ಲೈಸೆನ್ಸ್ ಬೇಕು. ಸೆಂಟರ್‌ಫೈರ್ ಬೋಲ್ಟ್ ಆಕ್ಷನ್ ರೈಫಲ್ (ತೋಟಾದ ತಳದ ನಡುವಿಗೆ ಪಿನ್ ಬಡಿಯುವ, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ಕೋವಿ) ‘ಬಿ’ ವರ್ಗಕ್ಕೆ ಸೇರುತ್ತದೆ. ತಾನಾಗಿಯೇ ತೋಟಾ ತುಂಬಿಕೊಳ್ಳುವ ಸೆಂಟರ್‌ಫೈರ್ ರೈಫಲ್‌ಗಳು 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಸಾಮಾನ್ಯ ಜನರ ಕೈಗೆ ಸಿಗದಂತಾಗಿವೆ, ಈ ಕೆಲಸಕ್ಕೆ ಅವು ಬೇಕಾಗಿಯೂ ಇಲ್ಲ. ಬಂದೂಕು ಕಾನೂನು ಆಗಾಗ ಬಿಗಿಯಾಗುತ್ತಲೇ ಇರುತ್ತದೆ, ಆದ್ದರಿಂದ ಅರ್ಜಿ ಹಾಕುವ ದಿನದ ನಿಯಮವನ್ನು ರಾಜ್ಯ ಪೊಲೀಸರ ಫೈರ್‌ಆರ್ಮ್ಸ್ ರಿಜಿಸ್ಟ್ರಿಯಲ್ಲೇ ನೋಡಿಕೊಳ್ಳಿ. ಎರಡನೆಯದು ಸರ್ಕಾರಿ ವೃತ್ತಿತರಬೇತಿ ಕಾಲೇಜಾದ ಟೇಫ್‌ನಂಥ ಸಂಸ್ಥೆಯಲ್ಲಿ ಗೇಮ್ ಹಾರ್ವೆಸ್ಟರ್ (ಮಾಂಸಕ್ಕಾಗಿ ಕಾಡುಪ್ರಾಣಿ ಹೊಡೆಯುವವರ) ತರಬೇತಿ. ಇದರಲ್ಲಿ ಮಾಂಸದ ಶುಚಿತ್ವ, ರೋಗಲಕ್ಷಣ ಗುರುತಿಸುವುದು, ಪ್ರಾಣಿಹಿಂಸೆ ತಪ್ಪಿಸುವುದು ಎಲ್ಲ ಸೇರಿರುತ್ತದೆ, ಜೊತೆಗೆ ಗುರಿ ಪರೀಕ್ಷೆಯೂ ಇದೆ. ಮೂರನೆಯದು ಕಾಂಗರೂ ಹಾರ್ವೆಸ್ಟರ್ ಲೈಸೆನ್ಸ್. ರಾಜ್ಯದ ಕಾಂಗರೂ ನಿರ್ವಹಣಾ ವಿಭಾಗದ ಕಚೇರಿ ನಿಮ್ಮ ಡಬ್ಬೊದಲ್ಲೇ ಇದೆ. ನಾಲ್ಕನೆಯದು ನಿಮ್ಮ ವಾಹನಕ್ಕೆ ಎನ್‌ಎಸ್‌ಡಬ್ಲ್ಯು ಫುಡ್ ಅಥಾರಿಟಿಯ (ರಾಜ್ಯದ ಆಹಾರ ಸುರಕ್ಷತಾ ಸಂಸ್ಥೆಯ) ಲೈಸೆನ್ಸ್. ಮಾಂಸ ಹೊರುವ ವಾಹನವೂ ಕಾರ್ಖಾನೆಯ ಒಂದು ಕೋಣೆ ಎಂಬಂತೆಯೇ ಅವರ ಲೆಕ್ಕ.

ಇದೆಲ್ಲಕ್ಕಿಂತ ಮುಂಚೆ, ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ಕ್ಯೂ ಫೀವರ್ ಎಂಬ ಸೋಂಕಿನ ವಿರುದ್ಧ ಲಸಿಕೆ. ಕಾರ್ಖಾನೆಯಲ್ಲಿ ಈಗಾಗಲೇ ಹಾಕಿಸಿದ್ದರೆ ಆ ದಾಖಲೆ ಜೋಪಾನವಾಗಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ರಕ್ತಪರೀಕ್ಷೆ ಮತ್ತು ಚರ್ಮದ ಪರೀಕ್ಷೆ ಮಾಡಿಸಬೇಕು. ಚರ್ಮದ ಪರೀಕ್ಷೆಯ ಫಲಿತಾಂಶ ಓದುವುದು ಏಳನೆಯ ದಿನ. ಅದಾದ ಮೇಲೆ ಲಸಿಕೆ, ರಕ್ಷಣೆ ಬರಲು ಇನ್ನೂ ಎರಡು ವಾರ. ಕಾಂಗರೂಗಳೂ ಈ ರೋಗಾಣುವನ್ನು ಹೊತ್ತಿರುತ್ತವೆ. ಹೊಟ್ಟೆ ಬಗೆಯುವಾಗ ಉಸಿರಿನ ಜೊತೆಗೇ ಒಳಹೋಗುತ್ತದೆ. ಕೆಲವರಿಗೆ ಜ್ವರ ಬಂದು ಹೋಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಸುಸ್ತು ಬಿಡುವುದಿಲ್ಲ, ಹೃದಯದ ಕವಾಟಕ್ಕೂ ತಗಲಬಹುದು.

ಎಲ್ಲಿ ಬೇಕಾದರೂ, ಎಷ್ಟು ಬೇಕಾದರೂ ಹೊಡೆಯುವಂತಿಲ್ಲ. ಈ ರಾಜ್ಯದಲ್ಲಿ ವ್ಯಾಪಾರಕ್ಕೆ ಒಪ್ಪಿಗೆ ಇರುವುದು ಕೆಂಪು ಕಾಂಗರೂ, ಪೂರ್ವದ ಬೂದು, ಪಶ್ಚಿಮದ ಬೂದು, ವಾಲರೂ ಎಂಬ ನಾಲ್ಕಕ್ಕೆ ಮಾತ್ರ. ವಿಮಾನದಿಂದ ಎಣಿಕೆ ನಡೆಸಿ, ಅಂದಾಜಾದ ಸಂಖ್ಯೆಯಲ್ಲಿ ಕೆಂಪಿಗೆ ಶೇ. 17, ಉಳಿದವಕ್ಕೆ ಶೇ. 15ರ ಮಿತಿಯಲ್ಲಿ ವಲಯವಾರು ಕೋಟಾ ಇಡುತ್ತಾರೆ. ಬರ ಬಂದು ಸಂಖ್ಯೆ ಕುಸಿದರೆ ವಲಯವನ್ನೇ ಮುಚ್ಚುತ್ತಾರೆ. ಹೊರದೇಶಕ್ಕೆ ಮಾಂಸ, ಚರ್ಮ ಕಳಿಸಬೇಕಾದರೆ ರಾಜ್ಯದ ಈ ಯೋಜನೆಗೆ 1999ರ ಇಪಿಬಿಸಿ (ಪರಿಸರ ಮತ್ತು ಜೀವವೈವಿಧ್ಯ ಸಂರಕ್ಷಣೆಯ) ಕಾಯ್ದೆಯಡಿ ಕೇಂದ್ರ ಸರ್ಕಾರದ ಒಪ್ಪಿಗೆಯೂ ಇರಬೇಕು. ಪ್ರತಿ ದೇಹಕ್ಕೂ ಒಮ್ಮೆ ಬಿಗಿದರೆ ಬಿಚ್ಚಲಾಗದ, ನಂಬರ್ ಇರುವ ಪ್ಲಾಸ್ಟಿಕ್ ಟ್ಯಾಗ್. ಟ್ಯಾಗ್ ಇಲ್ಲದ ದೇಹ ನಿಮ್ಮ ವಾಹನದಲ್ಲಿ ಸಿಕ್ಕರೆ ಅದೇ ಅಪರಾಧ. ವಾಹನದ ಹಿಂದಿನ ರ‍್ಯಾಕಿಗೆ ದೇಹ ತೂಗುಹಾಕುವಾಗಲೇ ಟ್ಯಾಗ್ ಬಿಗಿದುಬಿಡುವ ಅಭ್ಯಾಸ ಮಾಡಿಕೊಳ್ಳಿ. ಆಮೇಲೆ ಹಾಕೋಣ ಎಂದು ಬಿಟ್ಟವರೇ ಸಿಕ್ಕಿಬೀಳುವುದು. ಜಮೀನಿನ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿರಲಿ. ರೈತರಿಗೆ ಬೆಳೆ, ಮೇವು ಉಳಿಸಿಕೊಳ್ಳಲು ಕೊಡುವ ಪರವಾನಗಿ ಬೇರೆ, ನಿಮ್ಮದು ಬೇರೆ. ಎರಡನ್ನೂ ಬೆರೆಸಬೇಡಿ.

ಈಗ ಗುರಿಯ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು.

ಕಾಂಗರೂವನ್ನು ಹಿಂಸೆಯಿಲ್ಲದೆ ಹೊಡೆಯುವ ಬಗೆ ಹೇಳುವ ರಾಷ್ಟ್ರೀಯ ನಿಯಮಾವಳಿ, ಅಂದರೆ ಕೋಡ್ ಆಫ್ ಪ್ರಾಕ್ಟೀಸ್‌ನ ತಿರುಳು ಒಂದೇ: ಗುಂಡು ಮಿದುಳಿಗೆ ಬೀಳಬೇಕು, ಪ್ರಾಣಿ ನಿಂತಲ್ಲೇ ಪ್ರಜ್ಞೆ ಕಳೆದುಕೊಳ್ಳಬೇಕು. ನೀವು ಹೊಡೆದು ಗೆದ್ದ ತೆಂಗಿನಕಾಯಿಯೊಳಗೆ ಒಂದು ದೊಡ್ಡ ನಿಂಬೆಹಣ್ಣು ಇಟ್ಟಿದ್ದಾರೆ ಎಂದುಕೊಳ್ಳಿ. ಕಾಯಿ ತಲೆ, ನಿಂಬೆಹಣ್ಣು ಮಿದುಳು. ಕಾಯಿಗೆ ತಗುಲಿ ಹಣ್ಣಿಗೆ ತಗುಲದ ಗುಂಡು ಇಲ್ಲಿ ಸೋಲು, ಅದೂ ಅತ್ಯಂತ ಕ್ರೂರವಾದ ಸೋಲು. ದವಡೆ ಒಡೆದ ಕಾಂಗರೂ ಓಡಿಹೋಗುತ್ತದೆ, ಮೇಯಲಾಗದೆ ದಿನಗಟ್ಟಲೆ ನರಳಿ ಸಾಯುತ್ತದೆ.

ಲೆಕ್ಕ ನೋಡಿ. ಸಾಮಾನ್ಯವಾಗಿ ಬಳಸುವ ತೋಟಾ .223 ಅಥವಾ .22-250, ಹಳಬರಲ್ಲಿ .222 ಕೂಡ ಇದೆ. .223ರಲ್ಲಿ 55 ಗ್ರೇನ್, ಅಂದರೆ ಮೂರೂವರೆ ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 1,000 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. 100 ಮೀಟರಿಗೆ ಜೀರೊ ಮಾಡಿದ್ದರೆ, ಅಂದರೆ ಆ ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದ್ದರೆ, 150 ಮೀಟರಿನಲ್ಲಿ ಮೂರು ಸೆಂಟಿಮೀಟರಿನಷ್ಟು, 200ರಲ್ಲಿ ಎಂಟೊಂಬತ್ತು ಸೆಂಟಿಮೀಟರಿನಷ್ಟು ಕೆಳಗೆ ಬೀಳುತ್ತದೆ. ಇದಕ್ಕಿಂತ ಮೋಸ ಮಾಡುವುದು ಗಾಳಿ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ, ಅಂದರೆ ಎಲೆಗಳೂ ಎಳೆ ರೆಂಬೆಗಳೂ ಅಲ್ಲಾಡುವಷ್ಟು, 100 ಮೀಟರಿನಲ್ಲಿ ಗುಂಡನ್ನು ಸುಮಾರು ಮೂರು ಸೆಂಟಿಮೀಟರ್ ತಳ್ಳುತ್ತದೆ. ಮಿದುಳಿನ ಅಗಲ ಐದು ಸೆಂಟಿಮೀಟರಿನ ಆಸುಪಾಸು, ನಡುವಿನಿಂದ ಅಂಚಿಗೆ ಎರಡೂವರೆ. ಸರಿಯಾಗಿ ನಡುವಿಗೇ ಗುರಿಯಿಟ್ಟರೂ ಗುಂಡು ಹೊರಗೆ ಹೋಯಿತು. ಹಾಗಾಗಿ 100 ಮೀಟರಿನ ಒಳಗೇ ಕೆಲಸ ಮುಗಿಸಿ. ಗಾಳಿ, ಮಳೆ, ಧೂಳು ಎದ್ದ ರಾತ್ರಿ ಮನೆಗೆ ಹೋಗಿ. ಕೋಡ್ ಕೂಡ ಅದನ್ನೇ ಹೇಳುತ್ತದೆ.

ಪ್ರತಿ ರಾತ್ರಿ ಕೆಲಸ ಶುರುಮಾಡುವ ಮೊದಲು ಕಾಗದದ ಗುರಿಗೆ ಹೊಡೆದು ರೈಫಲ್ ಸರಿ ಇದೆಯೇ ನೋಡುವುದು ಕಡ್ಡಾಯ. ಇದು ಬರೀ ಶಾಸ್ತ್ರ ಎಂದುಕೊಳ್ಳಬೇಡಿ. ಒಳನಾಡಿನ ಮಣ್ಣು ರಸ್ತೆ ಅಲೆಅಲೆಯಾಗಿ ಗಟ್ಟಿಯಾಗಿರುತ್ತದೆ. ಅದರ ಮೇಲೆ ನೂರು ಕಿಲೋಮೀಟರ್ ಓಡಿದರೆ ಸ್ಕೋಪ್ (ಗುರಿಯಿಡುವ ದುರ್ಬೀನು) ಹಿಡಿದಿರುವ ಸ್ಕ್ರೂ ಸಡಿಲವಾಗುತ್ತದೆ. ನೋಡಲು ಏನೂ ಆಗಿರುವುದಿಲ್ಲ, ಗುಂಡು ಮಾತ್ರ ನಾಲ್ಕು ಸೆಂಟಿಮೀಟರ್ ಪಕ್ಕಕ್ಕೆ. ತೋಟಾದ ಬ್ಯಾಚ್ ಬದಲಾದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಎಣ್ಣೆ ಒರೆಸಿದ ನಳಿಗೆಯ ಮೊದಲ ಗುಂಡು ಉಳಿದವುಗಳ ಜೊತೆ ಬೀಳುವುದಿಲ್ಲ, ಅದನ್ನು ಕಾಗದಕ್ಕೇ ಖರ್ಚು ಮಾಡಿ. ಮತ್ತೆ, ರಾತ್ರಿ ಯಾವ ಆನಿಕೆಯ ಮೇಲಿಂದ ಹೊಡೆಯುತ್ತೀರೋ, ಅಂದರೆ ಬಾಗಿಲ ಮೇಲಿನ ಮರಳುಚೀಲವೋ ಕ್ಯಾಬಿನ್ ಹಿಂದಿನ ಕಂಬಿಯೋ, ಅದರ ಮೇಲಿಂದಲೇ ಪರೀಕ್ಷಿಸಿ. ಕಿವಿಗೆ ರಕ್ಷಣೆ ಇಲ್ಲದೆ ಒಂದು ಗುಂಡೂ ಹಾರಿಸಬೇಡಿ. ಬಾಗಿಲ ಪಕ್ಕ ಕೂತು ವರ್ಷಗಟ್ಟಲೆ ಹೊಡೆದವರ ಕಿವಿ ಮರಳಿ ಬರುವುದಿಲ್ಲ.

ಸ್ಪಾಟ್‌ಲೈಟ್ ಬಿದ್ದಾಗ ಕಾಂಗರೂ ತಲೆಯೆತ್ತಿ ಬೆಳಕನ್ನೇ ನೋಡುತ್ತ ನಿಲ್ಲುತ್ತದೆ. ನಿಮಗೆ ಸಿಗುವ ಅವಕಾಶ ಆ ಕೆಲವು ಸೆಕೆಂಡು. ವಾಹನ ಪೂರ್ತಿ ನಿಂತಿರಬೇಕು, ಎಂಜಿನ್ ಆರಿಸಿದರೆ ಸ್ಕೋಪಿನ ನಡುಕವೂ ನಿಲ್ಲುತ್ತದೆ. ಪಕ್ಕದಿಂದ ಕಂಡರೆ ಕಣ್ಣಿಗೂ ಕಿವಿಯ ಬುಡಕ್ಕೂ ನಡುವೆ, ಕಿವಿಯ ಕಡೆಗೆ ತುಸು ಸರಿದ ಜಾಗ. ಮೇಯುತ್ತ ತಲೆ ತಗ್ಗಿಸಿದ್ದಾಗ, ಜಿಗಿಯುತ್ತಿರುವಾಗ, ಹುಲ್ಲಿನ ಮರೆಯಲ್ಲಿ ಕಿವಿ ಮಾತ್ರ ಕಾಣುವಾಗ ಹೊಡೆಯಬೇಡಿ. ದಿಬ್ಬದ ಅಂಚಿನಲ್ಲಿ ಆಕಾಶದ ಹಿನ್ನೆಲೆಯಲ್ಲಿ ನಿಂತಿದ್ದಕ್ಕಂತೂ ಬೇಡವೇ ಬೇಡ: ಹಿಂದೆ ಮಣ್ಣಿಲ್ಲ, ಗುಂಡು ಎಲ್ಲಿಗೆ ಹೋಗುತ್ತದೋ ಬೆಳಕು ತೋರಿಸುವುದಿಲ್ಲ. ಒಂದು ಬಿದ್ದು, ಅದು ಸತ್ತಿದೆ ಎಂದು ಖಚಿತವಾಗುವವರೆಗೆ ಎರಡನೆಯದರ ಕಡೆ ರೈಫಲ್ ತಿರುಗಿಸುವಂತಿಲ್ಲ. ಗುಂಪು ನಿಂತೇ ಇದೆ, ಇನ್ನೆರಡು ಹೊಡೆದುಬಿಡೋಣ ಅನ್ನಿಸುತ್ತದೆ. ಗಾಯಗೊಂಡ ಪ್ರಾಣಿ ಕತ್ತಲಲ್ಲಿ ಕೈತಪ್ಪಿ ಹೋಗುವುದು ಆ ಗಳಿಗೆಯಲ್ಲೇ.

ಬಿದ್ದ ಪ್ರಾಣಿಯ ಬಳಿಗೆ ತಲೆಯ ಕಡೆಯಿಂದ ಹೋಗಿ. ಸತ್ತ ಮೇಲೂ ಹಿಂಗಾಲು ಒದೆಯುತ್ತದೆ, ಆ ಉಗುರು ತೊಡೆ ಸೀಳಬಲ್ಲದು. ಉಸಿರಿಲ್ಲ, ಎದೆಬಡಿತವಿಲ್ಲ, ಕಣ್ಣುಗುಡ್ಡೆ ಮುಟ್ಟಿದರೆ ರೆಪ್ಪೆ ಮಿಟುಕುವುದಿಲ್ಲ, ಪಾಪೆ ಹಿಗ್ಗಿ ನಿಂತಿದೆ. ಇವಿಷ್ಟೂ ಇದ್ದರೆ ಸತ್ತಿದೆ. ಗಾಯಗೊಂಡಿದ್ದರೆ ಉಳಿದೆಲ್ಲ ಕೆಲಸ ಬಿಟ್ಟು ಅದನ್ನು ಹುಡುಕಿ ಮುಗಿಸಬೇಕು. ಆಗ ಮಾತ್ರ ಎದೆಗೆ ಹೊಡೆಯಲು ಅವಕಾಶವಿದೆ, ಆ ಮಾಂಸ ಮಾರಾಟಕ್ಕೆ ಹೋಗುವುದಿಲ್ಲ. ಕಾರ್ಖಾನೆಗಳು ದೇಹಕ್ಕೆ ಗುಂಡು ಬಿದ್ದದ್ದನ್ನು ತಗೊಳ್ಳುವುದಿಲ್ಲ. 2002ರಲ್ಲಿ ಆರ್‌ಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆ ಕಾರ್ಖಾನೆಗಳಿಗೆ ಬಂದ ದೇಹಗಳನ್ನು ನೋಡಿ ಶೇ. 95.9ರಷ್ಟಕ್ಕೆ ತಲೆಗೇ ಗುಂಡು ಬಿದ್ದಿತ್ತೆಂದು ವರದಿ ಮಾಡಿತು. ಉದ್ಯಮದವರು ಈ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಮಾರಲಾಗದೆ ಬಯಲಲ್ಲೇ ಉಳಿದವು, ತಪ್ಪಿಸಿಕೊಂಡು ಹೋದವು ಆ ಲೆಕ್ಕಕ್ಕೆ ಬಂದಿಲ್ಲ ಎಂಬುದನ್ನೂ ನೀವು ತಿಳಿದಿರಬೇಕು.

ಮರಿಗಳ ವಿಷಯ: ನಿಜ. ಹೆಣ್ಣನ್ನು ಹೊಡೆದರೆ ಆ ಕ್ಷಣವೇ ಚೀಲ ನೋಡಬೇಕು. ಒಳಗೆ ಮರಿಯಿದ್ದರೆ, ತಾಯಿಯಿಲ್ಲದೆ ಅದು ಬದುಕುವುದಿಲ್ಲವಾದ್ದರಿಂದ, ತಲೆಗೆ ಒಂದೇ ಬಲವಾದ ಪೆಟ್ಟಿನಿಂದ ಕೊಲ್ಲಬೇಕೆಂದು ಕೋಡ್ ಹೇಳುತ್ತದೆ. ಚೀಲದಿಂದ ಹೊರಬಂದು ತಾಯಿಯ ಜೊತೆ ಓಡಾಡುವ ಮರಿಯಾದರೆ ಗುಂಡು. ಕೆಂಪು ಕಾಂಗರೂ ಮರಿ ಎಂಟು ತಿಂಗಳ ಹತ್ತಿರ, ಬೂದು ಕಾಂಗರೂ ಮರಿ ಹನ್ನೊಂದು ತಿಂಗಳ ಹತ್ತಿರ ಚೀಲದಲ್ಲಿರುತ್ತದೆ. ಹೊರಬಂದ ಮೇಲೂ ತಿಂಗಳುಗಟ್ಟಲೆ ಹಾಲು ಕುಡಿಯುತ್ತದೆ. ಗುಂಡಿನ ಸದ್ದಿಗೆ ಕತ್ತಲಿಗೆ ಓಡಿಹೋದ ಮರಿಯನ್ನು ಯಾರೂ ಹುಡುಕಿ ತರಲಾರರು. ಅದು ಹಸಿವಿಗೋ ನರಿಗೋ ಬಲಿ. ಈ ಕಸುಬಿನ ಅತಿ ದೊಡ್ಡ ಕಳಂಕ ಇದೇ, ಇದನ್ನು ಮುಚ್ಚಿಟ್ಟು ಮಾತಾಡುವವರನ್ನು ನಂಬಬೇಡಿ.

ಇದರಿಂದ ದೂರ ಇರಲು ದಾರಿ ಇದೆ: ಹೆಣ್ಣನ್ನು ಹೊಡೆಯಲೇಬೇಡಿ. ಗಂಡನ್ನು ಮಾತ್ರ ಕೊಳ್ಳುವ ಕಾರ್ಖಾನೆಗಳೂ ಇವೆ, ತೂಕವೂ ಹೆಚ್ಚು ಬರುತ್ತದೆ. ಕೆಂಪು ಜಾತಿಯಲ್ಲಿ ಗಂಡು ಸಾಮಾನ್ಯವಾಗಿ ಕೆಂಗಂದು, ಹೆಣ್ಣು ನೀಲಿಬೂದು. ಆದರೆ ಕೆಲವು ಕಡೆ ಕೆಂಪು ಹೆಣ್ಣುಗಳೂ ಇವೆ, ಬಣ್ಣ ಒಂದನ್ನೇ ನಂಬುವಂತಿಲ್ಲ. ಬೂದು ಜಾತಿಯಲ್ಲಿ ಬಣ್ಣ ನೆರವಿಗೇ ಬರುವುದಿಲ್ಲ. ದಪ್ಪ ಮುಂಗೈ, ಅಗಲ ಎದೆ, ನೆಟ್ಟಗೆ ನಿಂತಾಗ ಕಾಣುವ ವೃಷಣ, ಇವನ್ನು ಬೈನಾಕ್ಯುಲರ್‌ನಲ್ಲಿ ನೋಡಿ ತೀರ್ಮಾನಿಸಿ. ಎಳೆಯ ಗಂಡಿಗೂ ಬೆಳೆದ ಹೆಣ್ಣಿಗೂ ಗಾತ್ರ ಒಂದೇ ಇರುತ್ತದೆ. ಅನುಮಾನ ಬಂದರೆ ಬೆಳಕು ಬೇರೆ ಕಡೆ ತಿರುಗಿಸಿ.

ಇನ್ನು ಚಾಕುವಿನ ಕೆಲಸ. ಕೂಡಲೇ ರಕ್ತ ಹರಿಸಿ, ಹಿಂಗಾಲಿನ ಸ್ನಾಯುರಜ್ಜು ಮತ್ತು ಮೂಳೆಯ ನಡುವೆ ಸೀಳು ಹಾಕಿ ರ‍್ಯಾಕಿನ ಕೊಕ್ಕೆಗೆ ತಲೆಕೆಳಗಾಗಿ ತೂಗುಹಾಕುವುದು. ತಲೆ, ಮುಂಗಾಲ ಪಂಜ ತೆಗೆಯುವುದು. ಚರ್ಮ ಮಾತ್ರ ಹಾಗೇ ಇರಬೇಕು, ಕಾರ್ಖಾನೆ ಸೇರುವವರೆಗೆ ಮಾಂಸವನ್ನು ಧೂಳಿನಿಂದ ಕಾಯುವುದು ಅದೇ. ಹೊಟ್ಟೆ ಸೀಳುವಾಗ ಚಾಕುವಿನ ಅಲಗು ಹೊರಮುಖವಾಗಿರಲಿ. ಹೀಗೆ ಒಳಗಿನಿಂದ ಹೊರಕ್ಕೆ ಕೊಯ್ದರೆ ಕೂದಲು ಮಾಂಸಕ್ಕೆ ಅಂಟುವುದಿಲ್ಲ, ಜಠರಕ್ಕೂ ತೂತು ಬೀಳುವುದಿಲ್ಲ. ಗುದದ ಸುತ್ತ ಬಿಡಿಸಿಕೊಂಡು ಕರುಳನ್ನು ಒಟ್ಟಿಗೇ ಇಳಿಸಬೇಕು. ಕಾಂಗರೂವಿನ ಮುಂಜಠರ ದೊಡ್ಡದು, ದನದ ಹೊಟ್ಟೆಯಂತೆ ಅಲ್ಲಿ ಹುಲ್ಲು ಹುದುಗುತ್ತಿರುತ್ತದೆ, ಸತ್ತ ಮೇಲೂ ಆ ಹುದುಗುವಿಕೆ ನಿಲ್ಲುವುದಿಲ್ಲ. ಬೇಸಿಗೆಯ ರಾತ್ರಿ ತಡಮಾಡಿದರೆ ಹೊಟ್ಟೆ ಉಬ್ಬಿ ಮಾಂಸಕ್ಕೆ ವಾಸನೆ ಹಿಡಿಯುತ್ತದೆ. ಜಠರ ಒಡೆದು ಒಳಗಿನ ಹುಲ್ಲು ಮಾಂಸದ ಮೇಲೆ ಚೆಲ್ಲಿದರೆ ನೀರು ಹೊಡೆದು ತೊಳೆಯಲು ಹೋಗಬೇಡಿ, ಕೊಳೆ ಇನ್ನೂ ಹರಡುತ್ತದೆ.

ಯಕೃತ್ತು, ಶ್ವಾಸಕೋಶ, ಹೃದಯ ಕಣ್ಣಿಟ್ಟು ನೋಡಿ. ಕೀವುಗಂಟು, ಬಣ್ಣಗೆಟ್ಟ ಯಕೃತ್ತು, ಊದಿದ ಕೀಲು, ಹಳೆಯ ಗಾಯ, ಬಡಕಲು ದೇಹ ಇದ್ದರೆ ಬಿಟ್ಟುಬಿಡಿ. ಮೊಣಕಾಲ ಸುತ್ತ ಉದ್ದನೆಯ ಬಿಳಿ ಹುಳು ಸಿಗುವುದು ಸಾಮಾನ್ಯ, ಪೆಲೆಸಿಟಸ್ ಎಂಬ ಜಾತಿಯದು. ಒಂದು ದೇಹಕ್ಕೂ ಇನ್ನೊಂದಕ್ಕೂ ನಡುವೆ ಕೈ, ಚಾಕು ಎರಡನ್ನೂ ಕುಡಿಯಲು ಯೋಗ್ಯವಾದ ನೀರಿನಲ್ಲಿ ತೊಳೆದು, ಚಾಕುವನ್ನು 82 ಡಿಗ್ರಿ ಬಿಸಿನೀರಿನಲ್ಲಿ ಅಥವಾ ಒಪ್ಪಿತ ಸ್ಯಾನಿಟೈಸರಿನಲ್ಲಿ ಅದ್ದಬೇಕು. ನೀರಿನ ಟ್ಯಾಂಕ್ ಬರಿದಾದರೆ ಆ ರಾತ್ರಿಯ ಕೆಲಸ ಅಲ್ಲಿಗೆ ಮುಗಿಯಿತು. ಅಣೆಕಟ್ಟೆಯ ಕೆಸರುನೀರು ತುಂಬಿಕೊಳ್ಳುವ ಹಾಗಿಲ್ಲ.

ಆಮೇಲೆ ಚಿಲ್ಲರ್, ಅಂದರೆ ಊರಂಚಿನಲ್ಲಿ ಇಟ್ಟಿರುವ ಶೀತಲ ಕಂಟೇನರ್. ರಾತ್ರಿ ಹೊಡೆದದ್ದು ಸೂರ್ಯೋದಯವಾಗಿ ಎರಡು ಗಂಟೆಯೊಳಗೆ ಅಲ್ಲಿರಬೇಕು, ಒಳಗೆ ಸೇರಿ 24 ಗಂಟೆಯೊಳಗೆ ತೊಡೆಯ ಒಳಮಾಂಸ 7 ಡಿಗ್ರಿಗೆ ಇಳಿಯಬೇಕು. ತಲಾ 25 ಕಿಲೋದ 40 ದೇಹ ಒಂದು ಟನ್. ಅದನ್ನು 36 ಡಿಗ್ರಿಯಿಂದ 7ಕ್ಕೆ ಇಳಿಸಲು ಸುಮಾರು 27 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಗೆ ಹೋಗಬೇಕು. ಬಾಗಿಲು ಪದೇಪದೇ ತೆರೆದರೆ, ದೇಹಗಳನ್ನು ಒಂದಕ್ಕೊಂದು ತಾಗುವಂತೆ ಒತ್ತಿ ತುಂಬಿದರೆ, ನಿನ್ನೆ ತಣಿದದ್ದರ ಪಕ್ಕ ಇಂದಿನ ಬಿಸಿ ದೇಹ ನೇತುಹಾಕಿದರೆ ಲೆಕ್ಕ ತಪ್ಪುತ್ತದೆ. ಎರಡು ತೊಡೆ ತಾಗಿದ ಜಾಗದಲ್ಲೇ ಮೊದಲು ಹಸಿರು ಬಣ್ಣ ತಿರುಗುವುದು. ಚಿಲ್ಲರ್ ಎಷ್ಟು ದೂರ ಎಂಬುದರ ಮೇಲೆ ನಿಮ್ಮ ರಾತ್ರಿ ಎಷ್ಟು ಹೊತ್ತಿಗೆ ಮುಗಿಯಬೇಕು ಎಂಬುದು ನಿಂತಿದೆ. ಮೂರು ಗಂಟೆಯ ದಾರಿಯಿದ್ದರೆ ಬೆಳಗಿನ ಜಾವದ ಒಳ್ಳೆಯ ಹೊತ್ತನ್ನು ಕೈಬಿಡಲೇಬೇಕು.

ದುಡ್ಡಿಗೆ ಬರೋಣ. ಸಂಬಳವಿಲ್ಲ, ಶುಚಿಮಾಡಿದ ದೇಹದ ಕಿಲೋ ಲೆಕ್ಕದಲ್ಲಿ ಪಾವತಿ. ದರ ಜಾತಿ, ಊರು, ಬೇಡಿಕೆ ನೋಡಿಕೊಂಡು ಏರಿಳಿಯುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ಕಿಲೋಗೆ ಒಂದು ಡಾಲರ್ ಎಂದಿಟ್ಟುಕೊಳ್ಳಿ. ಒಂದು ರಾತ್ರಿ ತಲಾ 22 ಕಿಲೋದ 20 ದೇಹ ಸಿಕ್ಕರೆ 440 ಡಾಲರ್. 180 ಕಿಲೋಮೀಟರ್ ಓಡಾಟಕ್ಕೆ 27 ಲೀಟರ್ ಡೀಸೆಲ್, ಲೀಟರಿಗೆ ಎರಡು ಡಾಲರಿನಂತೆ 54. ಪರೀಕ್ಷೆಯ ಗುಂಡು ಸೇರಿ 25 ತೋಟಾ, ತಲಾ ಒಂದೂವರೆಯಂತೆ ಸುಮಾರು 38. ಉಳಿದದ್ದು ಸುಮಾರು 350, ಅದರಿಂದ ಟ್ಯಾಗ್ ಶುಲ್ಕ, ಟೈರು, ರಿಪೇರಿ, ವಿಮೆ, ಲೈಸೆನ್ಸ್, ಟ್ಯಾಕ್ಸ್, ನಿಮ್ಮದೇ ಸೂಪರ್ (ನಿವೃತ್ತಿ ನಿಧಿ) ಹೋಗಬೇಕು. ಹನ್ನೆರಡು ಗಂಟೆ ದುಡಿದದ್ದಕ್ಕೆ ಇದು. ಮೂರೇ ದೇಹ ಸಿಗುವ ರಾತ್ರಿಯೂ ಇರುತ್ತದೆ, ಡೀಸೆಲ್ ಅಷ್ಟೇ ಖರ್ಚು. ಮಳೆ ಬಂದರೆ ಎರೆಭೂಮಿ ಚಕ್ರಕ್ಕೆ ಅಂಟಿ ವಾರಗಟ್ಟಲೆ ಕೆಲಸವೇ ಇರುವುದಿಲ್ಲ. ಸ್ವಂತ ವ್ಯಾಪಾರಕ್ಕೆ ಬೇಕಾದ ಎಬಿಎನ್ ನಂಬರ್ ಮಾಡಿಸಿಕೊಳ್ಳಬೇಕು, ವರ್ಷದ ವಹಿವಾಟು 75,000 ಡಾಲರ್ ಮುಟ್ಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು.

ಮಾರುಕಟ್ಟೆ ಕೈಕೊಡುವುದು ಬಯಲಿನಿಂದ ದೂರದಲ್ಲಿ. ಅತಿ ದೊಡ್ಡ ಗಿರಾಕಿಯಾಗಿದ್ದ ರಷ್ಯಾ ಶುಚಿತ್ವದ ಕಾರಣ ಹೇಳಿ 2009ರಲ್ಲಿ ಆಮದು ನಿಲ್ಲಿಸಿತು, ಮತ್ತೆ ತೆರೆದು 2014ರಲ್ಲಿ ಮತ್ತೆ ಮುಚ್ಚಿತು. ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಕಾಂಗರೂ ಸರಕಿನ ಮಾರಾಟಕ್ಕೆ ನಿಷೇಧ ಮರಳಿದೆ. ಫುಟ್‌ಬಾಲ್ ಬೂಟಿಗೆ ಈ ಚರ್ಮ ಬಳಸುವುದನ್ನು ಬಿಡುವುದಾಗಿ ನೈಕಿ, ಪೂಮಾ 2023ರಲ್ಲಿ ಘೋಷಿಸಿದವು. ಇಂಥ ಒಂದು ಸುದ್ದಿ ಬಂದರೆ ಹತ್ತಿರದ ಚಿಲ್ಲರ್ ಮುಚ್ಚಬಹುದು, ಆಗ ಲೈಸೆನ್ಸ್, ಟ್ಯಾಗ್, ಕಾಂಗರೂ ಎಲ್ಲ ಇದ್ದೂ ಮಾರಲು ಜಾಗವಿರುವುದಿಲ್ಲ.

ಆದ್ದರಿಂದ ನಿಮಗೆ ನನ್ನ ಸಲಹೆ: ಕಾರ್ಖಾನೆಯ ಕೆಲಸ ಬಿಡಬೇಡಿ. ವಾರಕ್ಕೆ ಎರಡು ರಾತ್ರಿ, ಒಂದು ವರ್ಷ ಮಾಡಿ ನೋಡಿ. ಲ್ಯಾಂಡ್ ಕ್ರೂಸರ್ ಕೊಳ್ಳುವ ಮುನ್ನ ನೀವು ಓಡಾಡಬಹುದಾದ ದೂರದಲ್ಲಿರುವ ಚಿಲ್ಲರ್‌ಗಳಿಗೆ ಹೋಗಿ, ಯಾವ ಜಾತಿ ತಗೊಳ್ಳುತ್ತಾರೆ, ಗಂಡು ಮಾತ್ರವೇ, ಕನಿಷ್ಠ ತೂಕ ಎಷ್ಟು, ಲಾರಿ ಯಾವ ದಿನ ಬರುತ್ತದೆ, ಹೊಸಬರಿಗೆ ಕೊಕ್ಕೆ ಖಾಲಿ ಇದೆಯೇ ಎಂದು ಕೇಳಿ. ಲೈಸೆನ್ಸ್ ಇರುವವರ ಜೊತೆ ಹೋಗಿ ಕೆಲವು ರಾತ್ರಿ ಕೋವಿ ಮುಟ್ಟದೆ ಹೊಟ್ಟೆ ಬಗೆಯುವ, ತೊಳೆಯುವ ಕೆಲಸವನ್ನಷ್ಟೇ ಮಾಡಿ. ಒಬ್ಬರೇ ಹೋಗುವ ದಿನ ಬಂದಾಗ ಅಪಾಯದಲ್ಲಿ ನೀವಿರುವ ಜಾಗ ತಿಳಿಸುವ ಲೊಕೇಟರ್ ಬೀಕನ್ ಜೇಬಿನಲ್ಲಿರಲಿ, ವಾಹನದಲ್ಲಲ್ಲ. ಎಷ್ಟು ಹೊತ್ತಿಗೆ ಮರಳುತ್ತೀರಿ, ಯಾವ ಗೇಟಿನಿಂದ ಒಳಗೆ ಹೋಗುತ್ತೀರಿ ಎಂದು ಮನೆಯವರಿಗೂ ಜಮೀನಿನವರಿಗೂ ಬರೆದು ಕೊಟ್ಟು ಹೊರಡಿ.